ಈ ಕಲ್ಲಿನಲ್ಲಿ ಚಿನ್ನವಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮಿನುಗುವ ಕಲ್ಲೊಂದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಮೇಜಿನ ಮೇಲೆ ಮೆಲ್ಲಗೆ ಬಿಚ್ಚಿಟ್ಟು, ನನ್ನ ಮುಖವನ್ನೇ ನೋಡುತ್ತ ನಿಂತವರು ಹಲವರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಚಿನ್ನದ ಕಲ್ಲನ್ನು ಗುರುತಿಸಲು ಮಿನುಗಿನ ಹಿಂದೆ ಬೀಳಬೇಡಿ, ಕಲ್ಲನ್ನು ಓದುವುದನ್ನು ಕಲಿಯಿರಿ. ಮುಂದಿನ ಉತ್ತರಗಳೆಲ್ಲ ಇದೇ ಮಾತಿನ ವಿವರ.

ನನ್ನ ಕಲ್ಲಿನಲ್ಲಿ ಹಳದಿ ಮಿನುಗು ಕಾಣುತ್ತಿದೆ. ಅದು ಚಿನ್ನವೇ?

ಹೆಚ್ಚಿನ ಸಲ ಅಲ್ಲ. ಆದರೆ ಊಹೆಯ ಮೇಲೆ ಬಿಡಬೇಕಿಲ್ಲ, ಎರಡು ನಿಮಿಷದಲ್ಲಿ ನೀವೇ ನೋಡಿಕೊಳ್ಳಬಹುದು.

ಮೊದಲು ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಆಮೇಲೆ ಬಿಸಿಲಿಗೆ ಬೆನ್ನು ಮಾಡಿ, ನಿಮ್ಮದೇ ನೆರಳಿನಲ್ಲಿ ಮತ್ತೆ ತಿರುಗಿಸಿ. ಚಿನ್ನದಂತೆ ಕಂಡು ಮೋಸ ಮಾಡುವ ಪೈರೈಟ್ ಎಂಬ ಖನಿಜವಾಗಲಿ ಅಭ್ರಕವಾಗಲಿ ಒಂದು ಕೋನದಲ್ಲಿ ಫಳ್ಳನೆ ಹೊಳೆದು ಇನ್ನೊಂದರಲ್ಲಿ ಕಪ್ಪಾಗುತ್ತದೆ. ನೆರಳಿಗೆ ಬಂದರಂತೂ ಅರ್ಧಕ್ಕರ್ಧ ಮಂಕಾಗುತ್ತದೆ. ಚಿನ್ನ ಹಾಗಲ್ಲ. ಅದು ಫಳಫಳ ಎನ್ನುವುದಿಲ್ಲ, ಯಾವ ಕಡೆ ತಿರುಗಿಸಿದರೂ ನೆರಳಿನಲ್ಲೂ ಅದೇ ಶಾಂತ ಹಳದಿ.

ಆಮೇಲೆ ಹೊಲಿಗೆ ಸೂಜಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಡಿ ಆ ಹಳದಿ ಕಣವನ್ನು ಸೂಜಿಯ ಮೊನೆಯಿಂದ ಒತ್ತಿ. ಚಿನ್ನವಾದರೆ ಮೊನೆ ಅದರೊಳಗೆ ಇಳಿದು ಸಣ್ಣ ಗುಳಿ ಬೀಳುತ್ತದೆ. ಎಳೆದರೆ ಹೊಳೆಯುವ ಗೀರು ಉಳಿಯುತ್ತದೆ, ಪುಡಿ ಮಾತ್ರ ಏಳುವುದಿಲ್ಲ. ಪೈರೈಟ್ ಆದರೆ ಸೂಜಿ ಜಾರುತ್ತದೆ, ಜೋರಾಗಿ ಒತ್ತಿದರೆ ಕಣ ಟಣ್ಣನೆ ಒಡೆದು ಹಾರುತ್ತದೆ. ತಾಮ್ರದ ಅದಿರಾದ ಚಾಲ್ಕೋಪೈರೈಟ್ ಆದರೆ ಕಪ್ಪು ಪುಡಿ ಉದುರುತ್ತದೆ. ಅಭ್ರಕವಾದರೆ ಈರುಳ್ಳಿ ಸಿಪ್ಪೆಯಂತೆ ಪದರ ಎದ್ದು ಬರುತ್ತದೆ. ಒಂದೇ ಪರೀಕ್ಷೆ ಮಾಡಲು ಪುರುಸೊತ್ತಿದೆ ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ.

1848ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮರದ ಮಿಲ್ಲೊಂದರ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಹಳದಿ ತುಣುಕು ಸಿಕ್ಕಾಗ ಅವನು ಮಾಡಿದ್ದೂ ಇದೇ ಜಾತಿಯ ಪರೀಕ್ಷೆ. ಎರಡು ಕಲ್ಲುಗಳ ನಡುವೆ ಇಟ್ಟು ಜಜ್ಜಿದ. ತುಣುಕು ಒಡೆಯಲಿಲ್ಲ, ಚಪ್ಪಟೆಯಾಯಿತು.

ಕಾಗೆ ಬಂಗಾರ ಅಂದರೆ ಪೈರೈಟೇ?

ಅಲ್ಲ, ಆದರೆ ಇವೆರಡನ್ನೂ ಕಲಸಿ ಮಾತಾಡುವವರು ಬಹಳ. ಕಾಗೆ ಬಂಗಾರ ಎಂದು ನಮ್ಮ ಹಿರಿಯರು ಕರೆದದ್ದು ಅಭ್ರಕವನ್ನು. ಕಪ್ಪು ಅಭ್ರಕ ಬಿಸಿಲು ಮಳೆಗೆ ಸಿಕ್ಕಿ ಹಳತಾದಾಗ ಅದರ ಪದರಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಹೊಳೆಯ ಮರಳಿನಲ್ಲಿ ಥಳಥಳಿಸಿ ಜನರ ಎದೆಬಡಿತ ಹೆಚ್ಚಿಸುವುದು ಬಹುಮಟ್ಟಿಗೆ ಇದೇ. ಇದು ತೀರಾ ಹಗುರ, ನೀರು ಕಲಕಿದರೆ ಎದ್ದು ತೇಲಾಡಿಕೊಂಡು ಹೋಗುತ್ತದೆ. ಚಿನ್ನದ ಚೂರು ತಳ ಬಿಟ್ಟು ಏಳುವುದಿಲ್ಲ.

ಪೈರೈಟ್ ಎಂದರೆ ಕಬ್ಬಿಣ ಮತ್ತು ಗಂಧಕದ ಸಂಯುಕ್ತ, ಮೂರ್ಖರ ಚಿನ್ನ ಎಂಬ ಹೆಸರು ಅದರದ್ದು. ಹಿತ್ತಾಳೆಯ ತೆಳು ಹಳದಿ ಬಣ್ಣ, ಕೆಲವೊಮ್ಮೆ ಅಳೆದು ಕತ್ತರಿಸಿದಂಥ ಘನಾಕೃತಿ, ಆ ಮುಖಗಳ ಮೇಲೆ ಒಂದಕ್ಕೊಂದು ಸಮಾನಾಂತರವಾದ ನವಿರು ಗೆರೆಗಳು. ಗಡಸುತನ 1ರಿಂದ 10ರವರೆಗಿನ ಮೋಹ್ಸ್ ಮಾಪಕದಲ್ಲಿ 6ರಿಂದ 6.5. ಚಿನ್ನದ್ದು 2.5ರಿಂದ 3 ಅಷ್ಟೇ. ಉಕ್ಕಿಗೆ ಬಡಿದರೆ ಪೈರೈಟ್ ಕಿಡಿ ಹಾರಿಸುತ್ತದೆ. ಗ್ರೀಕ್ ಭಾಷೆಯಲ್ಲಿ ಬೆಂಕಿಗಿರುವ ಪದದಿಂದಲೇ ಅದಕ್ಕೆ ಈ ಹೆಸರು ಬಂದಿದೆ.

ಚಾಲ್ಕೋಪೈರೈಟ್ ಎಂಬ ತಾಮ್ರದ ಅದಿರು ಇನ್ನಷ್ಟು ಮೋಸ ಮಾಡುತ್ತದೆ, ಏಕೆಂದರೆ ಅದರ ಹಳದಿ ಗಾಢವಾದದ್ದು. ಹಳೆಯ ಮೇಲ್ಮೈಯಲ್ಲಿ ನವಿಲುಗರಿಯ ನೀಲಿ ನೇರಳೆ ಛಾಯೆ ಕಂಡರೆ ಅದೇ ಎಂದು ತಿಳಿಯಿರಿ. ಚಿನ್ನ ಎಂದೂ ಹಾಗೆ ಬಣ್ಣ ಕಟ್ಟುವುದಿಲ್ಲ.

ಒರೆಗಲ್ಲಿಗೆ ಉಜ್ಜಿ ನೋಡಬಹುದೇ?

ಧಾರಾಳವಾಗಿ. ಹೊಳಪು ಲೇಪವಿಲ್ಲದ ಪಿಂಗಾಣಿ ತುಂಡು, ಅಂದರೆ ಟೈಲ್ಸಿನ ಒರಟು ಬೆನ್ನಾದರೂ ಸಾಕು. ಚಿನ್ನ ಎಳೆದರೆ ಹಳದಿ ಗೆರೆಯೇ ಬೀಳುತ್ತದೆ. ಪೈರೈಟ್ ಮತ್ತು ಚಾಲ್ಕೋಪೈರೈಟ್ ಹೊರಗೆ ಎಷ್ಟೇ ಹಳದಿಯಾಗಿದ್ದರೂ ಗೆರೆ ಮಾತ್ರ ಹಸಿರು ಬೆರೆತ ಕಪ್ಪು. ಕಣ ತೀರಾ ಸಣ್ಣದಾಗಿದ್ದರೆ ಕಲ್ಲೇ ಪಿಂಗಾಣಿಗೆ ತಗುಲಿ ಬಿಳಿ ಗೆರೆ ಬೀಳುತ್ತದೆ. ಆಗ ಸೂಜಿಗೇ ಮರಳಿ.

ಚಿನ್ನವಿರುವ ಕಲ್ಲು ಹೊಳೆಯಲೇಬೇಕಲ್ಲವೇ?

ಇಲ್ಲ. ಈ ಪುಟ ಓದಿ ಒಂದೇ ಸಂಗತಿಯನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಸಣ್ಣ ಲೆಕ್ಕ ಹಾಕೋಣ. ಒಂದು ಟನ್ ಕಲ್ಲಿನಲ್ಲಿ 5 ಗ್ರಾಂ ಚಿನ್ನವಿದ್ದರೆ ಅದು ಒಳ್ಳೆಯ ಅದಿರು. ತೆರೆದ ಗಣಿಗಳಲ್ಲಿ ಟನ್ನಿಗೆ 1 ಗ್ರಾಂ ಇದ್ದರೂ ಕೆಲಸ ನಡೆಯುತ್ತದೆ. ಟನ್ನಿಗೆ 5 ಗ್ರಾಂ ಎಂದರೆ ನಿಮ್ಮ ಕೈಯಲ್ಲಿರುವ ಒಂದು ಕಿಲೋ ಕಲ್ಲಿನಲ್ಲಿ 5 ಮಿಲಿಗ್ರಾಂ. ಅಷ್ಟನ್ನೂ ಒಟ್ಟು ಮಾಡಿ ಒಂದೇ ಕಾಳು ಮಾಡಿದರೂ ಸಾಸಿವೆಗಿಂತ ಚಿಕ್ಕದು. ಅದು ಒಟ್ಟಿಗೂ ಇರುವುದಿಲ್ಲ, ಸಾವಿರಾರು ಕಣಗಳಾಗಿ ಇಡೀ ಕಲ್ಲಿನಲ್ಲಿ ಚದುರಿರುತ್ತದೆ. ಹಾಗಾಗಿ ಎಷ್ಟೋ ಗಣಿ ಕಾರ್ಮಿಕರು ವರ್ಷಗಟ್ಟಲೆ ಚಿನ್ನದ ಅದಿರನ್ನೇ ಒಡೆದರೂ ಕಣ್ಣಿಗೆ ಚಿನ್ನ ಕಾಣುವುದು ಅಪರೂಪ.

ಅಮೆರಿಕದ ನೆವಾಡಾ ರಾಜ್ಯದ ಕಾರ್ಲಿನ್ ಪ್ರದೇಶದಲ್ಲಿ 1961ರಲ್ಲಿ ಪತ್ತೆಯಾದ ನಿಕ್ಷೇಪ ಇದಕ್ಕೆ ತುತ್ತತುದಿಯ ಉದಾಹರಣೆ. ಅಲ್ಲಿನ ಕಲ್ಲು ನೋಡಲು ಮಾಮೂಲಿ ಬೂದು ಸುಣ್ಣಕಲ್ಲು. ಚಿನ್ನವಿರುವುದು ಆರ್ಸೆನಿಕ್ ಬೆರೆತ ಪೈರೈಟಿನ ಸೂಕ್ಷ್ಮ ಕಣಗಳ ಒಳಗೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಸಿಗದ ರೂಪದಲ್ಲಿ. ಅಂಥ ಕಲ್ಲನ್ನು ಪುಡಿಮಾಡಿ ತೊಳೆದರೆ ಒಂದು ಚೂರು ಹಳದಿಯೂ ಉಳಿಯುವುದಿಲ್ಲ.

ಕಲ್ಲಿನೊಳಗೆ ಚಿನ್ನ ಹೋಗಿ ಸೇರುವುದಾದರೂ ಹೇಗೆ?

ನೀರಿನಲ್ಲಿ ಕರಗಿ. ಚಿನ್ನ ಯಾವುದಕ್ಕೂ ಜಗ್ಗದ ಲೋಹ ಎಂದು ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಭೂಮಿಯ ಆಳದಲ್ಲಿ ಆಗುವುದು ಹೀಗೇ.

ಭೂಮಿಯ ಹೊರಪದರದಲ್ಲಿ ಚಿನ್ನ ಎಲ್ಲೆಡೆಯೂ ಇದೆ, ಆದರೆ ಟನ್ನಿಗೆ ಕೆಲವೇ ಮಿಲಿಗ್ರಾಂ. ಅದು ಅದಿರಾಗಬೇಕಾದರೆ ಯಾರಾದರೂ ಸಾವಿರ ಪಟ್ಟು ಒಟ್ಟುಗೂಡಿಸಬೇಕು. ಆ ಕೆಲಸ ಮಾಡುವುದು ಬಿಸಿನೀರು. ಪರ್ವತಗಳು ಏಳುವಾಗ ಹಲವು ಕಿಲೋಮೀಟರ್ ಆಳದಲ್ಲಿ ಕಲ್ಲುಗಳು ಬೆಂದು, ಅವುಗಳ ಖನಿಜಗಳಲ್ಲಿ ಅಡಗಿದ್ದ ನೀರು ಹೊರಬರುತ್ತದೆ. ಸುಮಾರು 250ರಿಂದ 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಈ ದ್ರವದಲ್ಲಿ ಗಂಧಕವಿರುತ್ತದೆ. ಚಿನ್ನ ಆ ಗಂಧಕದ ಹೆಗಲೇರಿ ಪ್ರಯಾಣ ಮಾಡುತ್ತದೆ.

ದ್ರವ ಮೇಲೇರುವುದು ನೆಲ ಸೀಳಿದ ಜಾಗಗಳಲ್ಲಿ. ಭೂಕಂಪವಾಗಿ ಬಿರುಕು ತಟ್ಟನೆ ಬಾಯಿ ತೆರೆದಾಗ ಒತ್ತಡ ಒಮ್ಮೆಲೇ ಕುಸಿಯುತ್ತದೆ. ದ್ರವ ಕುದಿದು ಅನಿಲ ಬಿಡುತ್ತದೆ, ಗಂಧಕ ಕೈಬಿಡುತ್ತದೆ, ಚಿನ್ನ ಅಲ್ಲೇ ಕೂರುತ್ತದೆ. ಜೊತೆಗೇ ಕರಗಿದ್ದ ಸಿಲಿಕಾ ಗಟ್ಟಿಯಾಗಿ ಬಿಳಿ ಬೆಣಚುಕಲ್ಲಾಗಿ ಬಿರುಕನ್ನು ಮುಚ್ಚುತ್ತದೆ. ಮತ್ತೆ ಒತ್ತಡ ಏರುತ್ತದೆ, ಮತ್ತೆ ಬಿರಿಯುತ್ತದೆ. ಇದು ನೂರಾರು ಸಲ ನಡೆದಿರುತ್ತದೆ. ಒಳ್ಳೆಯ ಬೆಣಚು ನಾಳವೊಂದನ್ನು, ಅಂದರೆ ಹೀಗೆ ಬೆಣಚು ತುಂಬಿ ಮುಚ್ಚಿದ ಬಿರುಕನ್ನು, ಅಡ್ಡಲಾಗಿ ಕೊಯ್ದು ನೋಡಿದರೆ, ಪುಸ್ತಕದ ಹಾಳೆಗಳಂತೆ ತೆಳ್ಳಗಿನ ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ. ಅವು ಹೀಗೆ ಮತ್ತೆ ಮತ್ತೆ ಬಿರಿದು ಮುಚ್ಚಿದ ಗುರುತು. ಅದನ್ನು ಕೈಯಲ್ಲಿ ಹಿಡಿದಾಗಲೆಲ್ಲ ಒಂದೊಂದು ಗೆರೆಯಲ್ಲೂ ಒಂದೊಂದು ನಡುಕವಿದೆ ಎನಿಸಿ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ದಾರಿಯೂ ಇದೆ. ಚಿನ್ನ ಹೊತ್ತ ದ್ರವ ಕಬ್ಬಿಣ ಹೆಚ್ಚಿರುವ ಕಲ್ಲಿಗೆ ತಾಗಿದರೆ, ಕಬ್ಬಿಣ ಗಂಧಕವನ್ನು ಎಳೆದುಕೊಂಡು ಪೈರೈಟ್ ಆಗುತ್ತದೆ. ಹೊರುವವನೇ ಹೋದ ಮೇಲೆ ಚಿನ್ನ ಅಲ್ಲೇ ಇಳಿಯುತ್ತದೆ. ಮೂರ್ಖರ ಚಿನ್ನವೂ ನಿಜ ಚಿನ್ನವೂ ಅಕ್ಕಪಕ್ಕ ಸಿಗುವುದು ಇದರಿಂದಲೇ.

ಆದರೂ ಬೆಣಚಿನೊಳಗೆ ದೊಡ್ಡ ಗಟ್ಟಿಗಳು ಬೆಳೆಯುವುದು ಹೇಗೆ ಎಂಬುದು ಬಹಳ ಕಾಲ ಒಗಟಾಗಿತ್ತು. 2024ರಲ್ಲಿ ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಸುಂದರ ವಿವರಣೆ ಮುಂದಿಟ್ಟರು. ಬೆಣಚನ್ನು ಹಿಂಡಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ. ಭೂಕಂಪದ ಕಂಪನದಿಂದ ಹುಟ್ಟಿದ ಆ ವಿದ್ಯುತ್ತು ದ್ರವದಲ್ಲಿರುವ ಚಿನ್ನವನ್ನು ಬೆಣಚಿನ ಮೇಲೆ ಕೂರಿಸಬಲ್ಲದು, ಒಮ್ಮೆ ಕೂತ ಕಣದ ಮೇಲೇ ಇನ್ನಷ್ಟು ಚಿನ್ನ ಸೇರುತ್ತ ಹೋಗುತ್ತದೆ ಎಂದು ಪ್ರಯೋಗದಲ್ಲಿ ತೋರಿಸಿದರು.

ಹಾಗಾದರೆ ಬಿಳಿ ಬೆಣಚುಕಲ್ಲು ಕಂಡಲ್ಲೆಲ್ಲ ಚಿನ್ನ ಹುಡುಕಬಹುದೇ?

ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಣಚು ಭೂಮಿಯ ಅತಿ ಸಾಮಾನ್ಯ ಖನಿಜಗಳಲ್ಲಿ ಒಂದು, ಅದರಲ್ಲಿ ಬಹುಪಾಲು ಬರಿಗಲ್ಲು. ಹಾಲಿನಂತೆ ಶುಭ್ರವಾಗಿ, ಒಂದು ಕಲೆಯೂ ಇಲ್ಲದೆ ದಪ್ಪನಾಗಿ ಕೂತ ಬೆಣಚಿನ ಬಗ್ಗೆ ನನಗೆ ಆಸೆ ಹುಟ್ಟುವುದೇ ಇಲ್ಲ. ನಾನು ಬಗ್ಗಿ ನೋಡುವುದು ಕೊಳಕು ಬೆಣಚನ್ನು: ತುಕ್ಕಿನ ಕಲೆ ಹಿಡಿದದ್ದು, ಪಟ್ಟೆ ಪಟ್ಟೆಯಾಗಿರುವುದು, ಪೈರೈಟ್ ಕೊಳೆತು ಹೋಗಿ ಚೌಕ ಚೌಕ ಗುಳಿಗಳು ಉಳಿದದ್ದು. ಅಂಥ ಗುಳಿಯ ತಳದಲ್ಲಿ ಕಂದು ಪುಡಿಯ ನಡುವೆ ಚಿನ್ನದ ಚೂರು ಕೂತಿರುವುದುಂಟು. ಪೈರೈಟ್ ಕರಗಿ ಹೋಯಿತು, ಒಳಗಿದ್ದ ಚಿನ್ನ ಕರಗದೆ ಉಳಿಯಿತು.

ಬೆಣಚಿನಷ್ಟೇ ಅದರ ಅಕ್ಕಪಕ್ಕದ ಕಲ್ಲೂ ಮುಖ್ಯ. ನಾಳದ ಅಂಚಿನ ಕಪ್ಪು ಕಲ್ಲು ಬಣ್ಣಗೆಟ್ಟು, ಮೆತ್ತಗಾಗಿ, ಹಸಿರು ಅಥವಾ ಮಾಸಲು ಹಳದಿಗೆ ತಿರುಗಿದ್ದರೆ ಅಲ್ಲಿ ಬಿಸಿ ದ್ರವ ಹರಿದಾಡಿದೆ ಎಂದರ್ಥ. ಎರಡು ಬೇರೆ ಜಾತಿಯ ಕಲ್ಲುಗಳು ಕೂಡುವ ಗಡಿ, ಜರುಗಿ ನುರಿದ ವಲಯ, ಮಡಿಕೆ ಬಿದ್ದ ಜಾಗ ಇವೆಲ್ಲ ಗಮನಿಸಬೇಕಾದವು. ಕಲ್ಲನ್ನು ಎತ್ತಿಕೊಂಡು ಬರುವ ಮುನ್ನ ಅದು ಕೂತಿದ್ದ ಜಾಗದ ಫೋಟೋ ತೆಗೆಯಿರಿ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಕಲ್ಲು ಅರ್ಧ ಹೇಳಿ ಬಿಟ್ಟ ಕತೆಯಂತೆ.

ಬೆಣಚನ್ನು ಬಿಟ್ಟರೆ ಬೇರೆ ಯಾವ ಕಲ್ಲಿನಲ್ಲಿ ಚಿನ್ನ ಸಿಗುತ್ತದೆ?

ಜಗತ್ತಿನಲ್ಲಿ ಅತಿ ಹೆಚ್ಚು ಚಿನ್ನ ಕೊಟ್ಟ ಪ್ರದೇಶ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರಾಂಡ್. 1886ರಲ್ಲಿ ಅಲ್ಲಿ ಗಣಿಗಾರಿಕೆ ಶುರುವಾದದ್ದು ಬೆಣಚು ನಾಳದಲ್ಲಲ್ಲ, ಹೊಳೆಯ ಗುಂಡುಕಲ್ಲುಗಳು ಗಾರೆ ಹಾಕಿದಂತೆ ಒಂದಾಗಿ ಗಟ್ಟಿಯಾದ ಪ್ರಾಚೀನ ಪದರದಲ್ಲಿ. ಕೋಲಾರದ ಚಿನ್ನ ಇದ್ದದ್ದು ಸುಮಾರು 270 ಕೋಟಿ ವರ್ಷ ಹಳೆಯ, ಕಪ್ಪು ಹಸಿರು ಬಣ್ಣದ ರೂಪಾಂತರಿತ ಲಾವಾ ಕಲ್ಲುಗಳ ನಡುವಿನ ಬೆಣಚು ನಾಳಗಳಲ್ಲಿ. ಅದನ್ನು ಬೆನ್ನಟ್ಟಿ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿಯಿತು, 2001ರಲ್ಲಿ ಮುಚ್ಚಿತು. ಹಟ್ಟಿ ಚಿನ್ನದ ಗಣಿಯದ್ದೂ ಅದೇ ಜಾತಿಯ ಕಲ್ಲು.

ಟೆಲ್ಲುರೈಡ್ ಬೇರೆಯದೇ ಕತೆ. ಟೆಲ್ಲುರಿಯಂ ಎಂಬ ಧಾತುವಿನ ಜೊತೆ ಸೇರಿದ ಚಿನ್ನ ಹಿತ್ತಾಳೆಯ ತೆಳು ಹಳದಿ ಅಥವಾ ಬೆಳ್ಳಿಯ ಬಣ್ಣದಲ್ಲಿರುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ 1893ರ ಚಿನ್ನದ ನೂಕುನುಗ್ಗಲಿನ ಕಾಲದಲ್ಲಿ ಇಂಥ ಕಲ್ಲನ್ನು ಕಸವೆಂದು ಬಗೆದು ರಸ್ತೆಯ ಗುಂಡಿ ಮುಚ್ಚಲು ಬಳಸಿದ್ದರು. ಮೂರು ವರ್ಷದ ನಂತರ ಅದರಲ್ಲಿ ಚಿನ್ನವಿದೆ ಎಂದು ತಿಳಿದಾಗ ಜನ ರಸ್ತೆಯನ್ನೇ ಅಗೆದರು.

ಜೇನುಗೂಡಿನಂಥ, ತುಕ್ಕುಬಣ್ಣದ ಹಗುರ ಕಲ್ಲು ಸಿಕ್ಕಿದೆ. ಪ್ರಯೋಜನವಿದೆಯೇ?

ಇರಬಹುದು. ಪೈರೈಟಿನಂಥ ಗಂಧಕದ ಖನಿಜಗಳು ಮೇಲ್ಮೈಯಲ್ಲಿ ಗಾಳಿ ನೀರಿಗೆ ಕೊಳೆತು ಉಳಿದ ಕಬ್ಬಿಣದ ತುಕ್ಕಿನ ಟೊಪ್ಪಿಗೆ ಅದು, ಭೂವಿಜ್ಞಾನಿಗಳು ಗೊಸ್ಸಾನ್ ಎನ್ನುತ್ತಾರೆ. ಕೆಳಗೆ ಅದಿರಿರಬಹುದು ಎಂಬ ಸೂಚನೆ ಅಷ್ಟೇ, ಸಾಕ್ಷಿಯಲ್ಲ. ಸಾಮಾನ್ಯ ಜಂಬಿಟ್ಟಿಗೆ ಕಲ್ಲೂ ತೂತು ತೂತಾಗಿ ಕೆಂಪಗಿರುತ್ತದೆ, ಗೊಂದಲ ಮಾಡಿಕೊಳ್ಳಬೇಡಿ. ಗೊಸ್ಸಾನಿನ ಗೂಡುಗಳ ಗೋಡೆ ತೆಳ್ಳಗೆ, ಕೋನಕೋನವಾಗಿರುತ್ತದೆ.

ಮನೆಯಲ್ಲೇ ಕುಟ್ಟಿ, ಜಾಲಿಸಿ ನೋಡಬಹುದೇ?

ಬಿಡಿ ಚಿನ್ನದ ಕಣಗಳಿರುವ ಕಲ್ಲಾದರೆ ಇದು ಒಳ್ಳೆಯ ಪರೀಕ್ಷೆ. ಒಂದೆರಡು ಕಿಲೋ ಕಲ್ಲನ್ನು ಕಬ್ಬಿಣದ ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಸಣ್ಣ ಕಣ್ಣಿನ ಜರಡಿಯಲ್ಲಿ ಹಿಡಿದು, ಅಗಲ ತಟ್ಟೆಯಲ್ಲಿ ನೀರು ಹಾಕಿ ಅಕ್ಕಿಯಲ್ಲಿ ಕಲ್ಲು ಜಾಲಿಸುವ ಹಾಗೆ ಜಾಲಿಸಿ. ನೀರಿನ ಸಾಂದ್ರತೆ 1 ಎಂದುಕೊಂಡರೆ ಬೆಣಚಿನದು 2.65, ಪೈರೈಟಿನದು ಸುಮಾರು 5, ಅಪ್ಪಟ ಚಿನ್ನದ್ದು 19.3. ನೆಲದ ಚಿನ್ನದಲ್ಲಿ ಬೆಳ್ಳಿ ಬೆರೆತಿರುವುದರಿಂದ ಇನ್ನು ಸ್ವಲ್ಪ ಕಡಿಮೆ. ಆದ್ದರಿಂದ ಬಿಳಿ ಪುಡಿ ಮೊದಲು ಹೋಗುತ್ತದೆ, ಆಮೇಲೆ ಕಪ್ಪು ಪುಡಿ, ಕೊನೆಗೆ ಅಂಚಿನಲ್ಲಿ ಬಾಲದಂತೆ ಹಳದಿ ಗೆರೆ ಉಳಿದರೆ ಅದೇ ಚಿನ್ನ. ಜರಡಿಯ ಮೇಲುಳಿದದ್ದನ್ನು ಎಸೆಯಬೇಡಿ. ಚಿನ್ನ ಕುಟ್ಟಿದರೆ ಪುಡಿಯಾಗದೆ ತಗಡಾಗುವುದರಿಂದ ದೊಡ್ಡ ಚೂರುಗಳು ಅಲ್ಲೇ ಉಳಿದಿರುತ್ತವೆ.

ದಯವಿಟ್ಟು ಒಣಗಿದ ಕಲ್ಲನ್ನು ಕುಟ್ಟಬೇಡಿ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರುತ್ತದೆ, ಅದು ವಾಸಿಯಾಗದ ಕಾಯಿಲೆ. ನೀರು ಚಿಮುಕಿಸಿ, ಧೂಳು ತಡೆಯುವ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಂಡೇ ಕುಟ್ಟಿ. ಬೆಳ್ಳಿಬಣ್ಣದ ಖನಿಜವಿದ್ದು, ಸುತ್ತಿಗೆ ಬಿದ್ದಾಗ ಬೆಳ್ಳುಳ್ಳಿ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಅದು ಆರ್ಸೆನೊಪೈರೈಟ್, ಆರ್ಸೆನಿಕ್ ಇರುವ ಖನಿಜ. ಅದನ್ನು ಸುಡುವುದಂತೂ ಪ್ರಾಣಾಪಾಯ.

ಒಡೆಯದೆಯೇ ಎಷ್ಟು ಚಿನ್ನವಿದೆ ಎಂದು ತಿಳಿಯಬಹುದೇ?

ಕಣ್ಣಿಗೆ ಕಾಣುವಷ್ಟು ಚಿನ್ನವಿರುವ ಬೆಣಚುಕಲ್ಲಾದರೆ ಅಂದಾಜು ಮಾಡಬಹುದು. ಕಲ್ಲನ್ನು ಗಾಳಿಯಲ್ಲಿ ತೂಗಿ. ಆಮೇಲೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗದಂತೆ ಹಿಡಿದು ತೂಗಿ. ಗಾಳಿಯಲ್ಲಿ 100 ಗ್ರಾಂ, ನೀರಿನಲ್ಲಿ 65 ಗ್ರಾಂ ಎಂದಿಟ್ಟುಕೊಳ್ಳಿ. ವ್ಯತ್ಯಾಸ 35, ಅಂದರೆ ಕಲ್ಲಿನ ಗಾತ್ರ 35 ಘನ ಸೆಂಟಿಮೀಟರ್. ಅಷ್ಟೂ ಬರೀ ಬೆಣಚಾಗಿದ್ದರೆ ತೂಕ 35 ಗುಣಿಸು 2.65, ಅಂದರೆ 92.75 ಗ್ರಾಂ ಇರಬೇಕಿತ್ತು. ಹೆಚ್ಚುವರಿ 7.25 ಗ್ರಾಂ. ಚಿನ್ನ ಕೂತ ಜಾಗದಲ್ಲಿ ಬೆಣಚು ಇಲ್ಲದ್ದರಿಂದ ಇದನ್ನು 1.16ರಿಂದ (19.3 ಭಾಗಿಸು 16.65) ಗುಣಿಸಿದರೆ ಸುಮಾರು 8.4 ಗ್ರಾಂ ಚಿನ್ನ.

ಪೈರೈಟ್ ಅಥವಾ ಬೇರೆ ಭಾರದ ಖನಿಜವಿದ್ದರೆ ಈ ಲೆಕ್ಕ ಸುಳ್ಳು ಆಸೆ ಹುಟ್ಟಿಸುತ್ತದೆ. ಕಲ್ಲಿನ ತೂತುಗಳಲ್ಲಿ ಗಾಳಿ ಉಳಿದಿದ್ದರೆ ಉಲ್ಟಾ, ಇರುವ ಚಿನ್ನವೂ ಲೆಕ್ಕಕ್ಕೆ ಸಿಗುವುದಿಲ್ಲ. ಒಣಗಿದ ಕಲ್ಲನ್ನು ಗಾಳಿಯಲ್ಲಿ ತೂಗಿದ ಮೇಲೆ, ನೀರಿನಲ್ಲಿ ತೂಗುವ ಮುನ್ನ ಒಂದು ರಾತ್ರಿ ನೆನೆಹಾಕಿ.

ಆಸಿಡ್ ಹಾಕಿ ನೋಡಲೇ? ಪಾದರಸ ಬಳಸಿದರೆ?

ಎರಡೂ ಬೇಡ. ನೈಟ್ರಿಕ್ ಆಮ್ಲ ಚಿನ್ನವನ್ನು ಮುಟ್ಟುವುದಿಲ್ಲ ಎಂಬುದು ನಿಜ, ಆದರೆ ಗಂಧಕದ ಖನಿಜಗಳ ಮೇಲೆ ಬಿದ್ದರೆ ಏಳುವ ಕಂದು ಹೊಗೆ ವಿಷ. ಸೂಜಿ ಹೇಳುವುದಕ್ಕಿಂತ ಹೆಚ್ಚೇನನ್ನೂ ಅದು ನಿಮಗೆ ಹೇಳುವುದಿಲ್ಲ. ಪಾದರಸದ ಆವಿ ನರಮಂಡಲವನ್ನು ಹಾಳುಮಾಡುತ್ತದೆ, ಮನೆಯ ಮಕ್ಕಳನ್ನೂ ಬಿಡುವುದಿಲ್ಲ. ಇಂದು ಜಗತ್ತಿನಲ್ಲಿ ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದ ಅತಿ ದೊಡ್ಡ ಮೂಲವೇ ಸಣ್ಣ ಪ್ರಮಾಣದ ಚಿನ್ನದ ಗಣಿಗಾರಿಕೆ. ಗುಲಗಂಜಿಯಷ್ಟು ಚಿನ್ನಕ್ಕೆ ಯಾರೂ ಇಷ್ಟು ಬೆಲೆ ತೆರಬಾರದು.

ಪ್ರಯೋಗಾಲಯಕ್ಕೆ ಕೊಡುವುದಾದರೆ ಯಾವ ಪರೀಕ್ಷೆ ಕೇಳಬೇಕು?

ಫೈರ್ ಅಸ್ಸೇ. ಶತಮಾನಗಳಷ್ಟು ಹಳೆಯ ವಿಧಾನ, ಇಂದಿಗೂ ಎಲ್ಲರೂ ಒಪ್ಪುವ ಅಳತೆ. ಸಾಮಾನ್ಯವಾಗಿ 30 ಅಥವಾ 50 ಗ್ರಾಂ ಕಲ್ಲಿನ ಪುಡಿಯನ್ನು ಸೀಸದ ಆಕ್ಸೈಡಿನ ಜೊತೆ ಮೂಸೆಯಲ್ಲಿ ಕರಗಿಸುತ್ತಾರೆ. ಕರಗಿದ ಸೀಸ ಚಿನ್ನ ಬೆಳ್ಳಿಯನ್ನೆಲ್ಲ ಬಾಚಿಕೊಂಡು ತಳ ಸೇರುತ್ತದೆ. ಆ ಸೀಸದ ಗುಂಡನ್ನು ಮೂಳೆ ಬೂದಿಯಂಥ ವಸ್ತುವಿನ ಬಟ್ಟಲಿನಲ್ಲಿಟ್ಟು ಕಾಯಿಸಿದರೆ ಬಟ್ಟಲು ಸೀಸವನ್ನು ಹೀರಿಕೊಂಡು, ಕೊನೆಗೆ ಸೂಜಿಯ ತಲೆಯಂಥ ಮಣಿಯೊಂದು ಉಳಿಯುತ್ತದೆ. ಬೆಳ್ಳಿಯನ್ನು ಬೇರ್ಪಡಿಸಿ ಚಿನ್ನವನ್ನು ಅಳೆಯುತ್ತಾರೆ.

ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದ ಫಲಿತಾಂಶವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಆಭರಣಕ್ಕೆ ಅದು ಸರಿ. ಅದಿರಿನಲ್ಲಿರುವ ಅತ್ಯಲ್ಪ ಚಿನ್ನದ ಸಂಕೇತಕ್ಕೆ ಸತು, ಆರ್ಸೆನಿಕ್ ಮುಂತಾದವುಗಳ ಸಂಕೇತ ಅಡ್ಡಬರುತ್ತದೆ.

ಒಂದೇ ಕಲ್ಲಿನ ಎರಡು ತುಂಡಿಗೆ ಎರಡು ವರದಿ ಬಂತು. ಯಾರೋ ಮೋಸ ಮಾಡಿದರೇ?

ಬಹುಶಃ ಇಲ್ಲ. ಚಿನ್ನ ಕಲ್ಲಿನಲ್ಲಿ ಉಪ್ಪಿನಂತೆ ಸಮನಾಗಿ ಬೆರೆತಿರುವುದಿಲ್ಲ, ಪಾಯಸದ ದ್ರಾಕ್ಷಿಯಂತಿರುತ್ತದೆ. ಒಂದು ಸೌಟಿಗೆ ಎರಡು ಬರುತ್ತದೆ, ಇನ್ನೊಂದಕ್ಕೆ ಸೊನ್ನೆ. ಅದಕ್ಕೇ ಮುಷ್ಟಿಯಷ್ಟು ಚಂದದ ತುಂಡನ್ನು ಆರಿಸಿ ಕೊಡುವ ಬದಲು, ನಾಳದ ಅಗಲಕ್ಕೂ ಸಮನಾಗಿ ಕೆತ್ತಿ ತೆಗೆದ ಹಲವು ಕಿಲೋ ಕಲ್ಲನ್ನು ಕೊಡಿ. ಚಂದದ ತುಂಡನ್ನೇ ಆರಿಸಿ ಕೊಟ್ಟರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ.

ಕೇಳಬೇಕಾದ ಉತ್ತರ ಸಿಗುವವರೆಗೂ ಪರೀಕ್ಷಕರನ್ನು ಬದಲಿಸುತ್ತ ಹೋಗುವುದೂ ಅಪಾಯ. 1576ರಲ್ಲಿ ಇಂಗ್ಲೆಂಡಿನ ನಾವಿಕ ಮಾರ್ಟಿನ್ ಫ್ರೋಬಿಷರ್‌ನ ಹಡಗು ಕೆನಡಾದ ಬ್ಯಾಫಿನ್ ದ್ವೀಪದ ಕಡೆಯಿಂದ ಒಂದು ಕಪ್ಪು ಕಲ್ಲು ತಂದಿತು. ಲಂಡನ್ನಿನಲ್ಲಿ ಪರೀಕ್ಷಿಸಿದ ಹಲವರು ಚಿನ್ನವಿಲ್ಲ ಎಂದರು, ಒಬ್ಬ ಇದೆ ಎಂದ. ಆ ಒಬ್ಬನ ಮಾತನ್ನು ನಂಬಿ ಮತ್ತೆರಡು ಯಾತ್ರೆ ಹೊರಟು, ಸಾವಿರ ಟನ್ನಿಗೂ ಹೆಚ್ಚು ಕಲ್ಲನ್ನು ಸಾಗರ ದಾಟಿಸಿ ತಂದರು. ಕರಗಿಸಿ ನೋಡಿದರೆ ಏನೂ ಇರಲಿಲ್ಲ.

ಪೈರೈಟ್ ಎಂದು ಖಾತ್ರಿಯಾಯಿತು. ಎಸೆದುಬಿಡಲೇ?

ಬೆಣಚು ನಾಳದಿಂದ ಬಂದದ್ದಾದರೆ ಎಸೆಯಬೇಡಿ, ಒಂದು ಸಲ ಅಸ್ಸೇ ಮಾಡಿಸಿ. ಪೈರೈಟೇ ಚಿನ್ನದ ಮನೆಯಾಗಿರುವ ಗಣಿಗಳು ಎಷ್ಟೋ ಇವೆ. ಹೊಳೆಯುವ ಭಾಗ ಚಿನ್ನವಲ್ಲ, ಆದರೆ ಅದರ ಹೊಟ್ಟೆಯಲ್ಲಿ ಚಿನ್ನವಿರಬಹುದು.

ಸಿಕ್ಕ ಕಲ್ಲು ನನ್ನದೇ ಆಗುತ್ತದೆಯೇ?

ಅದನ್ನು ಆಯಾ ದೇಶದ ಕಾನೂನು ನಿರ್ಧರಿಸುತ್ತದೆ. ಎಷ್ಟೋ ಕಡೆ ನೆಲ ಒಬ್ಬರದು, ನೆಲದಡಿಯ ಖನಿಜ ಸರ್ಕಾರದ್ದು. ಅಗೆಯುವ ಮುನ್ನ ಅನುಮತಿ ಪಡೆಯಿರಿ. ಪಾಳುಬಿದ್ದ ಗಣಿ ಸುರಂಗದೊಳಗೆ ಮಾತ್ರ ಯಾವ ಕಾರಣಕ್ಕೂ ಕಾಲಿಡಬೇಡಿ, ಅಲ್ಲಿ ಮೇಲಿನ ಕಲ್ಲು ಕುಸಿಯುವುದಕ್ಕಿಂತ ಮೊದಲು ಗಾಳಿಯೇ ಕೊಲ್ಲಬಹುದು.

ಬೆಣಚಿನಲ್ಲಿ ಚಿನ್ನ ಸ್ಪಷ್ಟವಾಗಿ ಕಾಣುತ್ತಿದೆ. ಒಡೆದು ಚಿನ್ನ ತೆಗೆಯಲೇ?

ಕೈ ತಡೆಯಿರಿ. ಬೆಣಚನ್ನು ಹಿಡಿದು ನಿಂತ ಚಿನ್ನದ ಎಳೆಗಳಿರುವ ಒಳ್ಳೆಯ ಮಾದರಿಗೆ, ಒಳಗಿನ ಚಿನ್ನದ ತೂಕಕ್ಕಿಂತ ಹೆಚ್ಚಿನ ಬೆಲೆ ಕೊಡುವ ಸಂಗ್ರಾಹಕರಿದ್ದಾರೆ. ಮೃದುವಾದ ಬ್ರಷ್ ಮತ್ತು ನೀರಿನಿಂದ ಮಣ್ಣು ತೊಳೆದರೆ ಸಾಕು.

1872ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದ ಹಿಲ್ ಎಂಡ್ ಎಂಬಲ್ಲಿ, ಗಣಿಯೊಂದರ ಗೋಡೆಯಿಂದ ಮನುಷ್ಯನೆತ್ತರದ ಚಿನ್ನಬೆಣಚಿನ ಬಂಡೆ ಹೊರಬಿತ್ತು. ತೂಕ ಸುಮಾರು 286 ಕಿಲೋ, ಅದರಲ್ಲಿ 90 ಕಿಲೋಗೂ ಹೆಚ್ಚು ಚಿನ್ನ. ಗಣಿಯ ಪಾಲುದಾರ ಬರ್ನ್‌ಹಾರ್ಟ್ ಹೋಲ್ಟರ್ಮನ್ ಅದನ್ನು ಇಡಿಯಾಗಿ ಉಳಿಸಿಕೊಳ್ಳಲು, ಅಂದಾಜಿಗಿಂತ ಹೆಚ್ಚು ಹಣ ಕೊಡುತ್ತೇನೆಂದರೂ ಕಂಪನಿ ಒಪ್ಪಲಿಲ್ಲ. ಬಂಡೆಯನ್ನು ಪುಡಿಮಾಡಿ ಕರಗಿಸಿದರು. ಅದರ ಪಕ್ಕದಲ್ಲಿ ಕೈಯಿಟ್ಟು ಹೋಲ್ಟರ್ಮನ್ ನಿಂತಿರುವಂತೆ ಜೋಡಿಸಿದ ಫೋಟೋ ಮಾತ್ರ ಇಂದಿಗೂ ಉಳಿದಿದೆ.